ಊಟ ಹಿತ, ತೂಕ ಮಿತ



ಸೋಲದೇವನಹಳ್ಳಿ ಬೆಂಗಳೂರಿನ ಉತ್ತರಕ್ಕಿದೆ. ಚಿಕ್ಕಬಾಣಾವರ ದಾಟಿ ಹೆಸರಘಟ್ಟದ ಕಡೆ ಹೋದರೆ ಈ ಊರು ಸಿಗುತ್ತದೆ. ಯಶವಂತಪುರದಿಂದ ತುಮಕೂರಿಗೆ ಹೋಗುವ ರೈಲು ದಾರಿಯಲ್ಲಿ ಇದೇ ಹೆಸರಿನ ಸ್ಟೇಷನ್ನೂ ಇದೆ. ಹಿಂದೆ ಇದು ರಾಗಿ ಬೆಳೆಯುವ ಹಳ್ಳಿ. ಈಗ ಇಲ್ಲಿ ದೊಡ್ಡ ಕಾಲೇಜು, ಹಾಸ್ಟೆಲು, ಬಾಡಿಗೆ ಮನೆ, ಬೇಕರಿ ಎಲ್ಲ ಬಂದಿವೆ.

ಊರು ಬದಲಾಯಿತು. ಊರಿನ ಜೊತೆಗೆ ನಮ್ಮ ಊಟ ಬದಲಾಯಿತು. ನಮ್ಮ ಕೆಲಸ ಬದಲಾಯಿತು. ನಮ್ಮ ಮೈಯೂ ಬದಲಾಯಿತು. ಹೇಗೆ ಅಂತ ನೋಡೋಣ ಬನ್ನಿ.

ಅಂದಿನ ದುಡಿಮೆ, ಇಂದಿನ ದುಡಿಮೆ

1890ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರು ಪೇಟೆಗೆ ನೀರು ಕೊಂಡೊಯ್ಯುವ ಏರ್ಪಾಟು ಆಯಿತು. ಆ ನೀರನ್ನು ಸೋಲದೇವನಹಳ್ಳಿಯಲ್ಲಿ ಪಂಪು ಯಂತ್ರದಿಂದ ಎತ್ತಿ ಪೇಟೆಗೆ ಕಳಿಸುತ್ತಿದ್ದರು. ಪೇಟೆಯ ನೀರನ್ನು ಯಂತ್ರ ಎತ್ತಿತು. ಹಳ್ಳಿಯ ನೀರನ್ನು ಯಾರು ಎತ್ತಿದರು? ಹೆಂಗಸರು. ಬಾವಿಯಿಂದ ಸೇದಿ, ಸೊಂಟದ ಮೇಲೆ ಕೊಡ ಇಟ್ಟು ತಂದರು.

ನೀರು ಒಂದೇ ಅಲ್ಲ. ರಾಗಿ ಬೀಸಬೇಕಿತ್ತು. ಒರಳಲ್ಲಿ ರುಬ್ಬಬೇಕಿತ್ತು. ಕಳೆ ಕೀಳಬೇಕಿತ್ತು. ಸೌದೆ ಹೊರಬೇಕಿತ್ತು. ಅದು ಸುಖದ ಕಾಲ ಅಂತ ನಾವು ಹೇಳುವುದಿಲ್ಲ. ಅದರಲ್ಲಿ ಎಷ್ಟೋ ಜನರ ಸೊಂಟ ಮುರಿಯಿತು. ನಲ್ಲಿ, ಗ್ಯಾಸು, ಮಿಕ್ಸಿ ಬಂದದ್ದು ಒಳ್ಳೆಯದೇ ಆಯಿತು.

ಈಗ ನಮ್ಮಲ್ಲಿ ಹಲವರು ಗಾರ್ಮೆಂಟ್ಸ್‌ಗೆ ಹೋಗ್ತೀವಿ. ಕೆಲವರು ಪೀಣ್ಯಕ್ಕೆ ಹೋಗ್ತೀವಿ. ದಿನಕ್ಕೆ ಎಂಟು ಗಂಟೆ ಹೊಲಿಗೆ ಮೆಷಿನ್ ಮುಂದೆ ಕೂತಿರ್ತೀವಿ. ಸಂಜೆ ಮನೆಗೆ ಬಂದಾಗ ಸುಸ್ತೋ ಸುಸ್ತು. ಆದರೆ ಸುಸ್ತಾದದ್ದು ಕಣ್ಣು, ಕುತ್ತಿಗೆ, ಭುಜ, ಬೆನ್ನು. ಕಾಲಿನ, ತೊಡೆಯ ದೊಡ್ಡ ಸ್ನಾಯುಗಳಿಗೆ ಕೆಲಸವೇ ಇರಲಿಲ್ಲ. ನಾವು ತಿಂದ ಅನ್ನ, ಎಣ್ಣೆ, ಸಕ್ಕರೆ ಹೆಚ್ಚಾಗಿ ಖರ್ಚಾಗುವುದು ದೊಡ್ಡ ಸ್ನಾಯುಗಳಲ್ಲಿ. ಖರ್ಚಾಗದ್ದು ಕೊಬ್ಬಾಗಿ ಮೈಯಲ್ಲಿ ಉಳಿಯುತ್ತದೆ.

ಇದು ಮನೆ ಲೆಕ್ಕದ ಹಾಗೇ. ಬರುವುದು ಹೆಚ್ಚು, ಖರ್ಚು ಕಡಿಮೆ ಆದರೆ ಗಂಟು ಬೆಳೆಯುತ್ತದೆ. ದುಡ್ಡಿನ ಗಂಟು ಬೆಳೆದರೆ ಒಳ್ಳೆಯದು. ಕೊಬ್ಬಿನ ಗಂಟು ಬೆಳೆದರೆ ಕಷ್ಟ.

ಇದು ಸಿರಿವಂತರ ಕಾಯಿಲೆಯೇ?

"ಬೊಜ್ಜು ಸಿರಿವಂತರಿಗೆ ಬರೋದು. ನಮಗೇನು?" ಅಂತ ಕೆಲವರು ಕೇಳ್ತಾರೆ. 2019ರಿಂದ 2021ರವರೆಗೆ ಸರ್ಕಾರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸಿತು. 15ರಿಂದ 49 ವರ್ಷದ ಕರ್ನಾಟಕದ ಹೆಂಗಸರ ಲೆಕ್ಕ ಹೀಗಿದೆ:

100 ಜನರಲ್ಲಿ 30 ಜನರ ತೂಕ ಹೆಚ್ಚು.
100 ಜನರಲ್ಲಿ 17 ಜನರ ತೂಕ ಕಡಿಮೆ.
100 ಜನರಲ್ಲಿ 48 ಜನರಿಗೆ ರಕ್ತಹೀನತೆ.

2015-16ರ ಸಮೀಕ್ಷೆಯಲ್ಲಿ ತೂಕ ಹೆಚ್ಚಿದ್ದವರು 23 ಜನ. ನಾಲ್ಕೈದು ವರ್ಷದಲ್ಲಿ ಅದು 30ಕ್ಕೆ ಏರಿತು.

ಇನ್ನೊಂದು ವಿಷಯ ಗಮನಿಸಿ. ಮೈ ದಪ್ಪಗಿದ್ದ ಮಾತ್ರಕ್ಕೆ ರಕ್ತ ಚೆನ್ನಾಗಿದೆ ಅಂತ ಅಲ್ಲ. ಹೊಟ್ಟೆ ತುಂಬ ಬರೀ ಅನ್ನ ತಿಂದರೆ ತೂಕ ಏರಬಹುದು, ರಕ್ತ ಏರುವುದಿಲ್ಲ.

ತೂಕ ಹೆಚ್ಚಿದರೆ ಏನಾಗುತ್ತದೆ? ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿ ನೋವು ಬರುವ ಸಂಭವ ಹೆಚ್ಚು. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಮನೆಯ ಹೆಂಗಸಿಗೆ ಕಾಯಿಲೆ ಬಂದರೆ ಆ ದಿನದ ಕೂಲಿ ಹೋಯಿತು. ಔಷಧಿ ಖರ್ಚು ಬಂತು. ಮಕ್ಕಳ ಓದಿಗೂ ಪೆಟ್ಟು ಬಿತ್ತು. ಆದ್ದರಿಂದ ತೂಕದ ಮಾತು ಅಂದಚೆಂದದ ಮಾತಲ್ಲ. ದಪ್ಪಗಿರುವವರನ್ನು ಆಡಿಕೊಳ್ಳುವ ಮಾತೂ ಅಲ್ಲ. ಇದು ಸಂಸಾರದ ಮಾತು.

ನಮ್ಮ ತೂಕ ಸರಿಯಾಗಿದೆಯೇ?

ಕನ್ನಡಿ ನೋಡಿ ಹೇಳೋದು ಬೇಡ. ಅಕ್ಕಪಕ್ಕದವರ ಮಾತು ಕೇಳೋದೂ ಬೇಡ. ಅಳೆದು ನೋಡೋಣ.

ಐದು ಅಡಿ ಎತ್ತರದ ಹೆಂಗಸಿನ ತೂಕ ಸುಮಾರು 43 ಕಿಲೋದಿಂದ 53 ಕಿಲೋ ಒಳಗೆ ಇದ್ದರೆ ಸರಿ. 43ಕ್ಕಿಂತ ಕಡಿಮೆ ಇದ್ದರೆ ಊಟ ಹೆಚ್ಚಿಸಬೇಕು. 53 ದಾಟಿದರೆ ಎಚ್ಚರ ಬೇಕು. ಎತ್ತರ ಬೇರೆ ಇದ್ದರೆ ಲೆಕ್ಕವೂ ಬೇರೆ. ಆಶಾ ಕಾರ್ಯಕರ್ತೆ ಅಥವಾ ನರ್ಸಮ್ಮನನ್ನು ಕೇಳಿದರೆ ಲೆಕ್ಕ ಮಾಡಿ ಹೇಳ್ತಾರೆ.

ತೂಕದ ಯಂತ್ರ ಇಲ್ಲವೇ? ಹೊಲಿಗೆಯ ಟೇಪು ಇದೆಯಲ್ಲ! ಹೊಟ್ಟೆ ಬಿಗಿ ಹಿಡಿಯದೆ, ಉಸಿರು ಬಿಟ್ಟು, ಸೊಂಟದ ಸುತ್ತ ಅಳೆಯಿರಿ. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದು. ಅಂದರೆ ಸುಮಾರು ಮೂವತ್ತೊಂದೂವರೆ ಇಂಚು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದಿದ್ದರೂ ಸಕ್ಕರೆ ಕಾಯಿಲೆಯ ಭಯ ಇದ್ದೇ ಇದೆ.

ಬಸುರಿಯರು, ಬಾಣಂತಿಯರು ಈ ಲೆಕ್ಕ ಹಿಡಿಯಬಾರದು. ಅವರು ತೂಕ ಇಳಿಸಲು ಹೋಗಬಾರದು.

ಮುದ್ದೆಯೋ, ಅನ್ನವೋ?

ಈ ಜಗಳ ಹಳೆಯದು. ಕನಕದಾಸರು 'ರಾಮಧಾನ್ಯ ಚರಿತೆ' ಎಂಬ ಕಾವ್ಯ ಬರೆದರು. ಅದರಲ್ಲಿ ರಾಗಿ ಮತ್ತು ಭತ್ತ ಜಗಳ ಆಡುತ್ತವೆ. ಕೊನೆಗೆ ಗೆಲ್ಲುವುದು ರಾಗಿ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. 100 ಗ್ರಾಂ ಪಾಲಿಷ್ ಅಕ್ಕಿಯಲ್ಲಿ ಸುಮಾರು 10 ಮಿಲಿಗ್ರಾಂ ಮಾತ್ರ. ಸುಣ್ಣದ ಅಂಶ ಮೂಳೆಗೆ ಬೇಕು. ರಾಗಿಯಲ್ಲಿ ನಾರೂ ಇದೆ. ಬೇಗ ಹಸಿವಾಗುವುದಿಲ್ಲ.

ಆದರೆ ಒಂದು ನಿಜ ತಿಳಿದಿರಲಿ. ರಾಗಿ ತಿಂದ ಮಾತ್ರಕ್ಕೆ ತೂಕ ಇಳಿಯುವುದಿಲ್ಲ. ತೂಕಕ್ಕೆ ತೂಕ ನೋಡಿದರೆ ರಾಗಿ ಹಿಟ್ಟಿನ ಶಕ್ತಿಗೂ ಅಕ್ಕಿಯ ಶಕ್ತಿಗೂ ಹೆಚ್ಚು ವ್ಯತ್ಯಾಸ ಇಲ್ಲ. ಹೊಲದಲ್ಲಿ ದುಡಿದವರು ಎರಡು ದೊಡ್ಡ ಮುದ್ದೆ ಉಂಡರು, ಅರಗಿಸಿಕೊಂಡರು. ಕೂತು ಕೆಲಸ ಮಾಡುವ ನಮಗೆ ಒಂದು ಸಣ್ಣ ಮುದ್ದೆ ಸಾಕು. ಮುದ್ದೆ ಆದ ಮೇಲೆ ತಟ್ಟೆ ತುಂಬ ಅನ್ನ ಬೇಡ. ಬೇಕಾದರೆ ಒಂದು ಸೌಟು ಸಾಕು.

ಹಾಗಾದರೆ ಹೊಟ್ಟೆ ತುಂಬೋದು ಹೇಗೆ? ಸೊಪ್ಪು, ತರಕಾರಿ, ಕಾಳಿನಿಂದ. ತಟ್ಟೆಯಲ್ಲಿ ಅರ್ಧ ಭಾಗ ಸೊಪ್ಪು, ತರಕಾರಿ ಇರಲಿ. ಉಳಿದ ಅರ್ಧದಲ್ಲಿ ಮುದ್ದೆ ಅಥವಾ ಅನ್ನ, ಜೊತೆಗೆ ಬೇಳೆ, ಕಾಳು ಅಥವಾ ಮೊಟ್ಟೆ.

ಇದಕ್ಕೆ ಹೊಸ ಅಡುಗೆ ಕಲಿಯಬೇಕಿಲ್ಲ. ನಮ್ಮ ಬಸ್ಸಾರು ಇದೆಯಲ್ಲ! ಸೊಪ್ಪು, ಕಾಳು ಬೇಯಿಸಿ, ಬಸಿದು, ಸಾರು ಮಾಡ್ತೀವಿ. ಬಸಿದ ಸೊಪ್ಪು, ಕಾಳಿನ ಪಲ್ಯ ಮಾಡ್ತೀವಿ. ಬಸಿದ ನೀರನ್ನೂ ಚೆಲ್ಲುವುದಿಲ್ಲ. ಹುರುಳಿ ಸಾರು, ಅವರೆಕಾಳಿನ ಸಾರು, ಮೊಳಕೆ ಕಾಳು ಎಲ್ಲವೂ ಒಳ್ಳೆಯದೇ. ಮೇಲೆ ನಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅದು ಸರಿಯಾಗಿ ಹತ್ತುವುದಿಲ್ಲ.

ಸೊಪ್ಪು ದುಬಾರಿಯೇ? ಒಂದು ಹಳೇ ಬಕೆಟ್ಟು, ಒಂದು ಚೀಲ ಮಣ್ಣು ಸಾಕು. ಪಕ್ಕದ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನವರು 'ಅರ್ಕಾ ಸುಗುಣ' ಎಂಬ ದಂಟಿನ ಸೊಪ್ಪಿನ ತಳಿ ಬೆಳೆಸಿದ್ದಾರೆ. ಒಮ್ಮೆ ಬಿತ್ತಿದರೆ ಮತ್ತೆ ಮತ್ತೆ ಕೊಯ್ಯಬಹುದು.

ಲೆಕ್ಕ ಮಾಡೋಣ

ಈಗ ನಮಗೆ ಕೂಡೋದು, ಗುಣಿಸೋದು ಬರುತ್ತದೆ. ಅದನ್ನು ಅಡುಗೆ ಮನೆಗೆ ತರೋಣ.

ಸಕ್ಕರೆ: ಒಂದು ಲೋಟ ಟೀಗೆ ಎರಡು ಚಮಚ ಸಕ್ಕರೆ. ಎರಡು ಸಣ್ಣ ಚಮಚ ಎಂದರೆ ಸುಮಾರು 10 ಗ್ರಾಂ. ದಿನಕ್ಕೆ ನಾಲ್ಕು ಟೀ ಕುಡಿದರೆ 40 ಗ್ರಾಂ. ತಿಂಗಳಿಗೆ 1200 ಗ್ರಾಂ. ಅಂದರೆ ಒಬ್ಬರೇ, ಬರೀ ಟೀಯಲ್ಲಿ, 1 ಕಿಲೋ 200 ಗ್ರಾಂ! ದಿನಕ್ಕೆ 25 ಗ್ರಾಂ ಮೀರಬಾರದು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ತಿಳಿಸಿದೆ. ಒಂದೇ ಸಲ ಬಿಡುವುದು ಕಷ್ಟ. ಈ ವಾರ ಎರಡರ ಬದಲು ಒಂದೂವರೆ ಚಮಚ ಹಾಕೋಣ. ಮುಂದಿನ ವಾರ ಒಂದು. ನಾಲಿಗೆ ತಾನೇ ಒಗ್ಗಿಕೊಳ್ಳುತ್ತದೆ. ಬೆಲ್ಲಕ್ಕೂ ಇದೇ ಲೆಕ್ಕ.

ಎಣ್ಣೆ: ಕೂತು ಕೆಲಸ ಮಾಡುವವರಿಗೆ ದಿನಕ್ಕೆ 20ರಿಂದ 25 ಗ್ರಾಂ ಸಾಕು. ನಾಲ್ಕು ಜನರಿಗೆ ದಿನಕ್ಕೆ 100 ಗ್ರಾಂ. ತಿಂಗಳಿಗೆ 3 ಕಿಲೋ. ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಪ್ಯಾಕೆಟ್ಟು ಎಣ್ಣೆ ಬರುತ್ತದೆ? ಎಣಿಸಿ ನೋಡಿ.

ಉಪ್ಪು: ದಿನಕ್ಕೆ ಒಬ್ಬರಿಗೆ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಎಲ್ಲದರ ಉಪ್ಪೂ ಇದರಲ್ಲೇ ಸೇರಬೇಕು.

ಬಿಸ್ಕತ್ತಿನ ಪೊಟ್ಟಣದ ಮೇಲೆ 100 ಗ್ರಾಂಗೆ ಎಷ್ಟು ಸಕ್ಕರೆ, ಎಷ್ಟು ಕೊಬ್ಬು ಅಂತ ಅಚ್ಚು ಹಾಕಿರುತ್ತಾರೆ. ಬರಹ ಇಂಗ್ಲಿಷಿನಲ್ಲಿದ್ದರೆ ಮಕ್ಕಳ ಕೈಲಿ ಓದಿಸಿ. ಅಂಕಿ ನಾವೇ ಓದೋಣ.

ಕೊನೆಗೆ ಉಣ್ಣುವವಳು

ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ನಾವೇ. ಕೆಲವು ದಿನ ಸಾರು ಖಾಲಿ, ಕಾಳು ಖಾಲಿ. ಬರೀ ಅನ್ನ, ಉಪ್ಪಿನಕಾಯಿ ತಿಂದು ಮಲಗ್ತೀವಿ. ಇನ್ನು ಕೆಲವು ದಿನ ಅನ್ನ ಉಳಿಯುತ್ತದೆ. ಚೆಲ್ಲಬಾರದು ಅಂತ ಹಸಿವಿಲ್ಲದಿದ್ದರೂ ತಿಂತೀವಿ. ಒಂದರಿಂದ ರಕ್ತಹೀನತೆ. ಇನ್ನೊಂದರಿಂದ ಬೊಜ್ಜು. ಎರಡಕ್ಕೂ ಬೇರು ಒಂದೇ: ಕೊನೆಯ ತಟ್ಟೆ ನಮ್ಮದು ಎಂಬ ರೂಢಿ.

ಏನು ಮಾಡೋಣ? ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ. ಆಗದಿದ್ದರೆ ಬಡಿಸುವ ಮುಂಚೆ ನಮ್ಮ ಪಾಲು ತೆಗೆದಿಡೋಣ. ಇದು ಆಸೆಬುರುಕತನ ಅಲ್ಲ. ಅಳೆದು ಅಡುಗೆ ಮಾಡೋಣ. ನಮ್ಮ ಹೊಟ್ಟೆ ಕಸದ ಬುಟ್ಟಿ ಅಲ್ಲ.

ಮೈಗೆ ಕೆಲಸ

"ದಿನವೆಲ್ಲಾ ಮನೆಗೆಲಸ ಮಾಡ್ತೀವಲ್ಲ, ವ್ಯಾಯಾಮ ಯಾಕೆ?" ಒಳ್ಳೇ ಪ್ರಶ್ನೆ. ನೆಲ ಒರೆಸುವುದು, ಬಟ್ಟೆ ಒಗೆಯುವುದು ವ್ಯಾಯಾಮವೇ. ಆದರೆ ನಿಂತು ಒಗ್ಗರಣೆ ಹಾಕುವುದು, ಕೂತು ಸೊಪ್ಪು ಬಿಡಿಸುವುದು ಸಾಲದು.

ಗುರುತು ಇಷ್ಟೇ. ಉಸಿರು ಸ್ವಲ್ಪ ಜೋರಾಗಬೇಕು. ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಬಿರುಸಾಗಿ ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ ನಡೆಯಬೇಕು. ಒಟ್ಟು 150 ನಿಮಿಷ. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷದಂತೆ ಮೂರು ಸಲ ನಡೆಯಬಹುದು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ದುಡ್ಡಿಲ್ಲ. ಒಂದು ಸ್ಟಾಪು ಮುಂಚೆ ಇಳಿದು ನಡೆದರೆ ನಷ್ಟ ಏನೂ ಇಲ್ಲ. ರಸ್ತೆಯಲ್ಲಿ ಲಾರಿ ಕಾಟ, ನಾಯಿ ಕಾಟ, ಕತ್ತಲು. ಆದ್ದರಿಂದ ಮೂರು ನಾಲ್ಕು ಜನ ಸೇರಿ ಹೋಗೋಣ. ನಡೆಯಲು ಜಾಗ ಇಲ್ಲದಿದ್ದರೆ ಮನೆಯಲ್ಲೇ ಕುರ್ಚಿಯಿಂದ ಹತ್ತು ಸಲ ಎದ್ದು ಕೂರೋಣ. ಕೈ ಊರದೆ ಏಳಬೇಕು. ಮಂಡಿ ನೋವಿದ್ದರೆ ನಿಧಾನ.

ಆ 30 ನಿಮಿಷ ಎಲ್ಲಿಂದ ಬರಬೇಕು? ಪಾತ್ರೆ ತೊಳೆಯುವುದನ್ನು ಮನೆಯವರು ಹಂಚಿಕೊಂಡರೆ ಬರುತ್ತದೆ. ಗಂಡನನ್ನು ಕೇಳೋಣ. ಮಗನನ್ನೂ ಕೇಳೋಣ. ಪಾತ್ರೆ ತೊಳೆದರೆ ಅವರ ಮೈಗೂ ಕೆಲಸ ಆಯಿತು.

ಮೋಸ ಹೋಗಬಾರದು

"ತಿಂಗಳಿಗೆ ಹತ್ತು ಕಿಲೋ ಇಳಿಸ್ತೀವಿ" ಅಂತ ಪುಡಿ, ಮಾತ್ರೆ, ಬೆಲ್ಟು ಮಾರುವವರು ಬರುತ್ತಾರೆ. ಕೊಳ್ಳಬೇಡಿ. ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು. ಉಪವಾಸ ಬಿದ್ದು ಇಳಿಸಿದ ತೂಕ ಬೇಗ ವಾಪಸ್ಸು ಬರುತ್ತದೆ.

ತೂಕ ಇಳಿಯಲಿಲ್ಲ ಅಂತ ನಡೆಯುವುದನ್ನು ಬಿಡಬಾರದು. ಚೆನ್ನೈನ ವೈದ್ಯರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದವರ ಅಧ್ಯಯನ ಮಾಡಿದರು. ಅದು 2006ರಲ್ಲಿ ಪ್ರಕಟವಾಯಿತು. ಊಟ ಸರಿಪಡಿಸಿ, ದಿನವೂ ನಡೆದವರಲ್ಲಿ ತೂಕ ಅಷ್ಟಾಗಿ ಇಳಿಯಲಿಲ್ಲ. ಆದರೂ ಅವರಲ್ಲಿ ಕಾಯಿಲೆಗೆ ತಿರುಗಿದವರು ಕಡಿಮೆ.

ಕಾರಣವಿಲ್ಲದೆ ತೂಕ ಬೇಗ ಏರಿದರೆ, ಬೇಗ ಇಳಿದರೆ, ಮುಟ್ಟು ಏರುಪೇರಾದರೆ, ತುಂಬಾ ಬಾಯಾರಿಕೆ ಆದರೆ ಡಾಕ್ಟರ ಹತ್ತಿರ ಹೋಗಬೇಕು. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಉಚಿತ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಯೇ ಊಟ ಬದಲಿಸಬೇಕು.

ಮಾಡಿ ನೋಡಿ, ಬರೆದಿಡಿ

1. ನಿಮ್ಮ ನೋಟ್ ಪುಸ್ತಕದಲ್ಲಿ ಇವತ್ತಿನ ತಾರೀಖು ಬರೆಯಿರಿ. ನಿಮ್ಮ ತೂಕ, ಸೊಂಟದ ಅಳತೆ ಬರೆಯಿರಿ.
2. ನಿನ್ನೆ ಎಷ್ಟು ಟೀ ಕುಡಿದಿರಿ? ಎಷ್ಟು ಚಮಚ ಸಕ್ಕರೆ ಆಯಿತು?
3. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಯಾಕೆ? ಕಲಿಕೆ ಕೇಂದ್ರದಲ್ಲಿ ಎಲ್ಲರೂ ಕೂತು ಮಾತಾಡಿ.
4. ಒಂದು ತಿಂಗಳ ನಂತರ ಮತ್ತೆ ಅಳೆಯಿರಿ. ಅದನ್ನೂ ಪಕ್ಕದಲ್ಲೇ ಬರೆಯಿರಿ.

ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ ಇದೆ. ಅಡುಗೆ ಮಾಡುವವರು ನಾವು. ಊಟ ಬಲ್ಲವರೂ ನಾವೇ ಆಗೋಣ.