ಊರ ಹೆಸರಿನ ತಂಡ, ಹೊರಊರಿನ ಆಟಗಾರರು

ಅಮೆರಿಕದ ಬೇಸ್‌ಬಾಲ್‌ನಲ್ಲಿ ಪ್ರತಿ ತಂಡವೂ 162 ಪಂದ್ಯಗಳ ದೀರ್ಘ ಋತುವನ್ನು ಆಡಿ ಮುಗಿಸಿದ ಮೇಲೆ, ಅಕ್ಟೋಬರ್ ತಿಂಗಳಿನಲ್ಲಿ ಆಯ್ದ ಕೆಲವು ತಂಡಗಳ ನಡುವೆ ನಡೆಯುವ ನಿರ್ಣಾಯಕ ಸರಣಿಗಳು ಅಭಿಮಾನಿಗಳ ನಿಷ್ಠೆಯನ್ನೂ ಹಗೆತನವನ್ನೂ ಒಟ್ಟಿಗೇ ಹೊರಗೆಡಹುತ್ತವೆ. ಬೆಂಗಳೂರಿನಲ್ಲಿ ಅದೇ ಕೆಲಸವನ್ನು ಮೇ ತಿಂಗಳ ಕೊನೆಯಲ್ಲಿ ಬರುವ ಐಪಿಎಲ್ ಪ್ಲೇಆಫ್ ಮಾಡುತ್ತದೆ. ಹೊಸಹಳ್ಳಿ, ವಿಜಯನಗರ, ರಾಜಾಜಿನಗರ, ಬಸವೇಶ್ವರನಗರಗಳಂತಹ ಪಶ್ಚಿಮ ಬೆಂಗಳೂರಿನ ಬಡಾವಣೆಗಳಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು, ಅಂದರೆ ಆರ್‌ಸಿಬಿ ತಂಡದ ಮೇಲಿರುವ ಅಭಿಮಾನ 2008ರಿಂದ ಬೆಳೆದುಬಂದ ರೀತಿಯನ್ನು ಗಮನಿಸಿದರೆ, ಅದು ಆಟಗಾರರ ಮೇಲಿನ ಪ್ರೀತಿಗಿಂತ ಹೆಚ್ಚಾಗಿ ಊರಿನ ಹೆಸರಿಗೆ ಕಟ್ಟಿಕೊಂಡ ಭಾವವೆಂಬುದು ಪ್ಲೇಆಫ್ ದಿನಗಳಲ್ಲೇ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

ಐಪಿಎಲ್‌ನ 10 ತಂಡಗಳು ಲೀಗ್ ಹಂತದಲ್ಲಿ ತಲಾ 14 ಪಂದ್ಯಗಳನ್ನು ಆಡುತ್ತವೆ. ಅಂಕಪಟ್ಟಿಯ ಮೊದಲ ನಾಲ್ಕು ಸ್ಥಾನಗಳಲ್ಲಿ ಇರುವವರಿಗೆ ಮಾತ್ರ ಪ್ಲೇಆಫ್ ಪ್ರವೇಶ. 2010ರವರೆಗೆ ಸಾಮಾನ್ಯ ಸೆಮಿಫೈನಲ್ ಪದ್ಧತಿಯಿತ್ತು. 2011ರಿಂದ ಮೊದಲೆರಡು ಸ್ಥಾನದ ತಂಡಗಳು ಮೊದಲ ಕ್ವಾಲಿಫೈಯರ್ ಆಡಿ, ಗೆದ್ದವರು ನೇರವಾಗಿ ಫೈನಲ್‌ಗೆ ಹೋಗುವ, ಸೋತವರಿಗೆ ಮತ್ತೊಂದು ಅವಕಾಶ ಸಿಗುವ ವ್ಯವಸ್ಥೆ ಬಂದಿದೆ. ಮೂರನೆಯ ಮತ್ತು ನಾಲ್ಕನೆಯ ಸ್ಥಾನದವರು ಆಡುವ ಎಲಿಮಿನೇಟರ್‌ನಲ್ಲಿ ಸೋತವರು ಮನೆಗೆ ಹೋಗಬೇಕು. ಅಂಕಗಳು ಸಮವಾದಾಗ ತಂಡವೊಂದು ಪ್ರತಿ ಓವರಿಗೆ ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ಸರಾಸರಿಯ ಅಂತರವನ್ನು, ಅಂದರೆ ನೆಟ್ ರನ್ ರೇಟನ್ನು ನೋಡಲಾಗುತ್ತದೆ. ಹೀಗಾಗಿ ಲೀಗ್‌ನ ಕೊನೆಯ ವಾರದಲ್ಲಿ ತನ್ನ ತಂಡ ಗೆದ್ದರಷ್ಟೇ ಸಾಲದು, ಯಾರು ಯಾರನ್ನು ಎಷ್ಟು ರನ್‌ಗಳಿಂದ ಸೋಲಿಸಬೇಕು ಎಂಬ ಲೆಕ್ಕವೂ ಅಭಿಮಾನಿಯ ಪಾಲಿಗೆ ಬರುತ್ತದೆ. ಶಾಲೆಯಲ್ಲಿ ಗಣಿತವನ್ನು ದ್ವೇಷಿಸಿದವರು ಕೂಡ ಆ ವಾರ ದಶಮಾಂಶಗಳನ್ನು ಬಾಯಲ್ಲೇ ಹೇಳುತ್ತಾರೆ.

ಐಪಿಎಲ್ ತಂಡ ಎಂಬುದು ಫ್ರಾಂಚೈಸಿ, ಅಂದರೆ ಕ್ರಿಕೆಟ್ ಮಂಡಳಿಯಿಂದ ಹಕ್ಕು ಖರೀದಿಸಿದ ಖಾಸಗಿ ಮಾಲೀಕರು ಹರಾಜಿನಲ್ಲಿ ಆಟಗಾರರನ್ನು ಕೊಂಡು ನಡೆಸುವ ಉದ್ಯಮ. ಆರ್‌ಸಿಬಿಯ ಮೊದಲ ಮಾಲೀಕರು ವಿಜಯ್ ಮಲ್ಯ. ಹೆಸರಿನ ಮೊದಲ ಭಾಗ ಒಂದು ಮದ್ಯದ ಬ್ರ್ಯಾಂಡಿನಿಂದ ಬಂದದ್ದು. ರಾಹುಲ್ ದ್ರಾವಿಡ್ ನಾಯಕತ್ವದಲ್ಲಿ ಆರಂಭವಾದ ಈ ತಂಡದಲ್ಲಿ 2009ರ ವೇಳೆಗೆ ಅನಿಲ್ ಕುಂಬ್ಳೆ, ದ್ರಾವಿಡ್, ರಾಬಿನ್ ಉತ್ತಪ್ಪ, ಮನೀಷ್ ಪಾಂಡೆ, ವಿನಯ್ ಕುಮಾರ್ ಹೀಗೆ ಕರ್ನಾಟಕದ ಸಾಲೇ ಇತ್ತು, ಮತ್ತು ಆ ವರ್ಷ ಜೋಹಾನ್ಸ್‌ಬರ್ಗ್‌ನಲ್ಲಿ ನಡೆದ ಫೈನಲ್‌ನಲ್ಲಿ ಕುಂಬ್ಳೆ 16 ರನ್ ಕೊಟ್ಟು 4 ವಿಕೆಟ್ ಪಡೆದರೂ ತಂಡ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್‌ಗಳಿಂದ ಸೋತಿತು. 16 ವರ್ಷಗಳ ನಂತರ, 2025ರಲ್ಲಿ, ಅಹಮದಾಬಾದಿನಲ್ಲಿ ಕಪ್ ಗೆದ್ದ ಹನ್ನೊಂದು ಮಂದಿಯಲ್ಲಿ ಕರ್ನಾಟಕದವರೆಂದು ಹೇಳಬಹುದಾದವರು ಮಯಂಕ್ ಅಗರವಾಲ್ ಒಬ್ಬರೇ. ಅವರೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಅವರ ಬದಲಿಗೆ ಋತುವಿನ ನಡುವೆ ಸೇರಿದವರು. ನಾಯಕ ರಜತ್ ಪಾಟಿದಾರ್ ಇಂದೋರಿನವರು, ಮೊದಲ ಆವೃತ್ತಿಯಿಂದಲೂ ತಂಡ ಬಿಡದ ವಿರಾಟ್ ಕೊಹ್ಲಿ ದೆಹಲಿಯವರು.

ಈ ಬದಲಾವಣೆಯಿಂದ ಅಭಿಮಾನ ಕುಗ್ಗಲಿಲ್ಲ ಎಂಬುದಕ್ಕೆ 2022ರ ಪ್ಲೇಆಫ್ ಒಳ್ಳೆಯ ಸಾಕ್ಷ್ಯ. ಆ ವರ್ಷ ಕೋಲ್ಕತ್ತದ ಎಲಿಮಿನೇಟರ್‌ನಲ್ಲಿ ಎದುರಾಳಿ ಲಖನೌ ತಂಡದ ನಾಯಕರಾಗಿದ್ದವರು ಕರ್ನಾಟಕದ ಕೆ.ಎಲ್. ರಾಹುಲ್. ಅವರು 79 ರನ್ ಗಳಿಸಿದರೂ, ಪಾಟಿದಾರ್ ಅಜೇಯ 112 ರನ್ ಹೊಡೆದು ಬೆಂಗಳೂರಿಗೆ 14 ರನ್‌ಗಳ ಜಯ ತಂದಾಗ ಇಲ್ಲಿ ಸಂಭ್ರಮಿಸಿದವರು ಮನೆಯ ಹುಡುಗನ ಸೋಲನ್ನೇ ಸಂಭ್ರಮಿಸುತ್ತಿದ್ದರು. ಎರಡು ದಿನಗಳ ನಂತರ ಅಹಮದಾಬಾದಿನಲ್ಲಿ ರಾಜಸ್ಥಾನ ರಾಯಲ್ಸ್ ಪರ ಆಡಿದ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಅವರು ಕೊಹ್ಲಿಯನ್ನು ಬೇಗನೆ ಔಟ್ ಮಾಡಿ ಒಟ್ಟು 3 ವಿಕೆಟ್ ಪಡೆದು ಆರ್‌ಸಿಬಿಯನ್ನು ಹೊರಕ್ಕೆ ಕಳಿಸಿದರು. ಇನ್ನು 2025ರ ಏಪ್ರಿಲ್ 10ರಂದು ದೆಹಲಿ ಪರ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಅಜೇಯ 93 ರನ್ ಗಳಿಸಿ ಗೆಲ್ಲಿಸಿದ ರಾಹುಲ್, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ತನ್ನ ನೆಲ ಎಂದು ಸಾರಿದ್ದನ್ನು ಮೆಚ್ಚಿಕೊಂಡವರೂ ಮುನಿಸಿಕೊಂಡವರೂ ಒಂದೇ ಮನೆಯಲ್ಲಿದ್ದರು.

ಹಿಂದಿನ ತಲೆಮಾರಿನ ನಿಷ್ಠೆ ಹೀಗಿರಲಿಲ್ಲ. 1973–74ರ ರಣಜಿ ಸೆಮಿಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ಕರ್ನಾಟಕ, ಸತತ 15 ವರ್ಷ ಪ್ರಶಸ್ತಿ ಹಿಡಿದಿದ್ದ ಬಾಂಬೆಯ ಓಟವನ್ನು ಬೆಂಗಳೂರಿನಲ್ಲಿ ನಿಲ್ಲಿಸಿ, ನಂತರ ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಾಗ, ತಂಡವೂ ಊರೂ ಆಟಗಾರರೂ ಒಂದೇ ಆಗಿದ್ದರು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮನೀಷ್ ಪಾಂಡೆಯವರ 144 ರನ್‌ಗಳ ಹೋರಾಟದ ಹೊರತಾಗಿಯೂ ಕರ್ನಾಟಕ ಮುಂಬೈ ಎದುರು ಸೋತದ್ದು ಸಹ 6 ರನ್‌ಗಳಿಂದಲೇ. ಈ ಆರರ ಕಾಟ ಕನ್ನಡಿಗರಿಗೆ ಐಪಿಎಲ್‌ನಿಂದಷ್ಟೇ ಬಂದದ್ದಲ್ಲ. ತಮಿಳುನಾಡಿನ ಜೊತೆಗಿನ ಪೈಪೋಟಿಯೂ ರಾಜ್ಯ ತಂಡಗಳ ಮಟ್ಟದಲ್ಲಿ ಮಾಗಿದ್ದು: 2014–15ರ ರಣಜಿ ಫೈನಲ್‌ನಲ್ಲಿ ಕರುಣ್ ನಾಯರ್ 328 ರನ್ ಗಳಿಸಿದ್ದು ಅವರ ಎದುರೇ, 2019ರ ಡಿಸೆಂಬರ್‌ನಲ್ಲಿ ಸೂರತ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿಯನ್ನು ಕರ್ನಾಟಕ ಒಂದೇ ರನ್ನಿನಿಂದ ಗೆದ್ದದ್ದೂ, 2021ರಲ್ಲಿ ಕೊನೆಯ ಎಸೆತಕ್ಕೆ ತಮಿಳುನಾಡಿನ ಶಾರುಖ್ ಖಾನ್ ಹೊಡೆದ ಸಿಕ್ಸರ್‌ನಿಂದ ಅದೇ ಟ್ರೋಫಿಯನ್ನು ಕಳೆದುಕೊಂಡದ್ದೂ ಅವರ ಎದುರೇ. ಖಾಲಿ ಗ್ಯಾಲರಿಗಳ ಮುಂದೆ ನಡೆಯುವ ಈ ಪಂದ್ಯಗಳಲ್ಲಿ ಪೈಪೋಟಿಗೆ ಇರುವ ಆಳ, ದೀಪಗಳ ಅಬ್ಬರದ ಐಪಿಎಲ್‌ನಲ್ಲಿ ಅನೇಕ ಬಾರಿ ಇರುವುದಿಲ್ಲ ಎಂದು ಹೇಳಲೇಬೇಕು.

ಆದರೂ ಆ ಹಳೆಯ ಪೈಪೋಟಿಯ ಬಿಸಿಯೆಲ್ಲ ಇಂದು ಚೆನ್ನೈ ಸೂಪರ್ ಕಿಂಗ್ಸ್ ಜೊತೆಗಿನ ಪಂದ್ಯಗಳಿಗೆ ವರ್ಗವಾಗಿದೆ. 2011ರ ಫೈನಲ್‌ನಲ್ಲಿ ಚೆನ್ನೈಯಲ್ಲೇ 58 ರನ್‌ಗಳ ಸೋಲು, 2015ರ ಎರಡನೆಯ ಕ್ವಾಲಿಫೈಯರ್‌ನಲ್ಲಿ ರಾಂಚಿಯಲ್ಲಿ ಮತ್ತೆ ಸೋಲು, ಐದು ಬಾರಿ ಕಪ್ ಗೆದ್ದವರ ಎದುರು ಒಂದೂ ಇಲ್ಲದವರ ಸಂಕಟ ಇವೆಲ್ಲ ಸೇರಿ 2024ರ ಮೇ 18ರ ರಾತ್ರಿಯನ್ನು ಸೃಷ್ಟಿಸಿದವು. ಮೊದಲ 8 ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದಿದ್ದ ಆರ್‌ಸಿಬಿ ನಂತರ ಸತತ ಐದು ಗೆದ್ದು ಲೀಗ್‌ನ ಕೊನೆಯ ಪಂದ್ಯಕ್ಕೆ ಬಂದಾಗ, ಪ್ಲೇಆಫ್ ಸೇರಲು ಚೆನ್ನೈಯನ್ನು ಬರಿದೇ ಸೋಲಿಸಿದರೆ ಸಾಲದೆ ಕನಿಷ್ಠ 18 ರನ್‌ಗಳ ಅಂತರ ಬೇಕಿತ್ತು. 218 ರನ್ ಗಳಿಸಿದ ಬೆಂಗಳೂರಿನ ಎದುರು ಚೆನ್ನೈಗೆ 201 ತಲುಪಿದರೂ ಸಾಕಿತ್ತು. ಕೊನೆಯ ಓವರಿನ ಮೊದಲ ಎಸೆತವನ್ನು ಧೋನಿ ಕ್ರೀಡಾಂಗಣದಿಂದ ಹೊರಗಟ್ಟಿದರು, ಮರು ಎಸೆತದಲ್ಲಿ ಬೌಲರ್ ಯಶ್ ದಯಾಳ್ ಧೋನಿಯನ್ನು ಔಟ್ ಮಾಡಿದರು. ಚೆನ್ನೈ 191ಕ್ಕೆ ನಿಂತಿತು. ಆ ನಡುರಾತ್ರಿ ಬೀದಿಗಿಳಿದ ಜನರ ಉತ್ಸಾಹ ಕಪ್ ಗೆದ್ದವರದಂತೆಯೇ ಇತ್ತು, ಆದರೆ ನಾಲ್ಕೇ ದಿನಗಳಲ್ಲಿ ರಾಜಸ್ಥಾನದ ಎದುರು ಎಲಿಮಿನೇಟರ್ ಸೋತದ್ದರಿಂದ ಕಾಲೆಳೆಯುವ ಸರದಿ ಚೆನ್ನೈಯವರದಾಯಿತು.

ಈ ಪೈಪೋಟಿಯನ್ನು ಎರಡು ಭಾಷೆಗಳ ಜಗಳವೆಂದು ಓದುವುದು ಸುಲಭ, ಆದರೆ ಪಶ್ಚಿಮ ಬೆಂಗಳೂರಿನ ಮಟ್ಟಿಗೆ ಅದು ಅರ್ಧಸತ್ಯ. ಇಲ್ಲಿನ ದೊಡ್ಡ ಬಡಾವಣೆಯೊಂದಕ್ಕೆ ತಮಿಳುನಾಡಿನ ರಾಜಾಜಿಯವರ ಹೆಸರಿದೆ, ಪಕ್ಕದ ಶ್ರೀರಾಮಪುರದಲ್ಲಿ ತಮಿಳು ಮನೆಮಾತಿನ ಕುಟುಂಬಗಳು ತಲೆಮಾರುಗಳಿಂದ ಇವೆ, ಮತ್ತು ಆ ಮನೆಗಳ ಹುಡುಗರಲ್ಲಿ ಆರ್‌ಸಿಬಿಯ ಕೆಂಪು ಅಂಗಿ ತೊಡುವವರು ಇರುವಂತೆ, ಧೋನಿಯ ಮೋಹದಿಂದ ಹಳದಿ ಅಂಗಿ ತೊಡುವ ಅಪ್ಪಟ ಕನ್ನಡಿಗರೂ ಇದ್ದಾರೆ. ಕಾವೇರಿ ವಿವಾದ ಕ್ರಿಕೆಟನ್ನು ತಟ್ಟಿದ್ದು ನಿಜ. 2018ರಲ್ಲಿ ಪ್ರತಿಭಟನೆಗಳಿಂದಾಗಿ ಚೆನ್ನೈ ತನ್ನ ತವರಿನ ಪಂದ್ಯಗಳನ್ನು ಪುಣೆಗೆ ಒಯ್ಯಬೇಕಾಯಿತು. ಆದರೆ 2016ರ ಸೆಪ್ಟೆಂಬರ್‌ನಲ್ಲಿ ಹೆಗ್ಗನಹಳ್ಳಿ ಕಡೆ ಗೋಲಿಬಾರಿನವರೆಗೂ ಹೋದ ನೀರಿನ ಗಲಭೆಯನ್ನು ಕಂಡವರಿಗೆ, ಕ್ರಿಕೆಟಿನ ಹಗೆ ಬೇರೆ ಜಾತಿಯದು, ಮರುದಿನ ಒಟ್ಟಿಗೆ ಕಾಫಿ ಕುಡಿಯಲು ಅಡ್ಡಿ ಮಾಡದ್ದು ಎಂಬ ವ್ಯತ್ಯಾಸ ತಿಳಿದಿರುತ್ತದೆ.

ತನ್ನ ತಂಡದ ಗೆಲುವಿನಷ್ಟೇ ಎದುರಾಳಿಯ ಸೋಲೂ ಏಕೆ ಹಿತವಾಗುತ್ತದೆ ಎಂಬ ಪ್ರಶ್ನೆಗೆ ಬೇಸ್‌ಬಾಲ್ ಲೋಕದಿಂದಲೇ ಒಂದು ಉತ್ತರ ಬಂದಿದೆ. ಬಾಸ್ಟನ್ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ತಂಡಗಳ ಕಟ್ಟಾ ಅಭಿಮಾನಿಗಳ ಮಿದುಳನ್ನು ಸ್ಕ್ಯಾನ್ ಮಾಡಿ ಮೀನಾ ಚಿಕಾರಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದುರಾಳಿ ತಂಡವು ಮೂರನೆಯ ತಂಡವೊಂದರ ಕೈಯಲ್ಲಿ ಎಡವಿದಾಗಲೂ ಸುಖಾನುಭವಕ್ಕೆ ಸಂಬಂಧಿಸಿದ ಮಿದುಳಿನ ಭಾಗ ಚುರುಕಾಗುವುದು ಕಂಡುಬಂತು. ಈ ಗುಣಕ್ಕೆ ಅಂಕಪಟ್ಟಿಯ ಅಗತ್ಯವೂ ಸೇರಿದರೆ ವಿಚಿತ್ರ ಮೈತ್ರಿಗಳು ಹುಟ್ಟುತ್ತವೆ. 2022ರ ಮೇ 21ರಂದು ಮುಂಬೈ ಇಂಡಿಯನ್ಸ್ ದೆಹಲಿಯನ್ನು ಸೋಲಿಸಿದರೆ ಮಾತ್ರ ಆರ್‌ಸಿಬಿಗೆ ಪ್ಲೇಆಫ್ ದಾರಿ ತೆರೆಯುವಂತಿದ್ದಾಗ, ಬೆಂಗಳೂರಿಗೆ ಬೆಂಗಳೂರೇ ಒಂದು ರಾತ್ರಿಯ ಮಟ್ಟಿಗೆ ಮುಂಬೈ ಪಕ್ಷ ಸೇರಿತು. ಆರ್‌ಸಿಬಿ ಆಟಗಾರರು ಒಟ್ಟಿಗೆ ಕೂತು ಮುಂಬೈಗೆ ಜೈಕಾರ ಹಾಕಿದರು, ಟಿಮ್ ಡೇವಿಡ್ 11 ಎಸೆತಗಳಲ್ಲಿ 34 ರನ್ ಹೊಡೆದು ಆ ಆಸೆ ಈಡೇರಿಸಿದರು. ಮರುವರ್ಷ, 2023ರ ಮೇ 21ರಂದೇ, ಚಿನ್ನಸ್ವಾಮಿಯಲ್ಲಿ ಕೊಹ್ಲಿಯ ಶತಕಕ್ಕೆ ಗುಜರಾತಿನ ಶುಭಮನ್ ಗಿಲ್ ಶತಕದಿಂದಲೇ ಉತ್ತರ ಕೊಟ್ಟು ಆರ್‌ಸಿಬಿಯನ್ನು ಹೊರಹಾಕಿದಾಗ, ಅದರ ಲಾಭದಿಂದ ಪ್ಲೇಆಫ್ ಸೇರಿದ್ದು ಅದೇ ಮುಂಬೈ. ಸಾಲ ತೀರಿತೆಂದು ನಗುವುದನ್ನು ಬಿಟ್ಟು, ಕೆಲವರು ಗಿಲ್ ಅವರನ್ನೂ ಅವರ ಸಹೋದರಿಯನ್ನೂ ಸಾಮಾಜಿಕ ಜಾಲತಾಣಗಳಲ್ಲಿ ಹೀನಾಯವಾಗಿ ಬೈದದ್ದು ಈ ಅಭಿಮಾನದ ಚರಿತ್ರೆಯಲ್ಲಿ ನಾಚಿಕೆಯ ಪುಟ.

ಗೆದ್ದವರ ಜೊತೆ ಗುರುತಿಸಿಕೊಳ್ಳುವುದು ಮನುಷ್ಯ ಸ್ವಭಾವವೆಂದು ಸಮಾಜ ಮನೋವಿಜ್ಞಾನ ಹೇಳುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ರಾಬರ್ಟ್ ಸಿಯಾಲ್ಡಿನಿ ಮತ್ತು ಸಂಗಡಿಗರು ನಡೆಸಿ 1976ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಫುಟ್‌ಬಾಲ್ ತಂಡ ಗೆದ್ದ ವಾರ ವಿಶ್ವವಿದ್ಯಾಲಯದ ಹೆಸರಿನ ಅಂಗಿ ತೊಟ್ಟು ಬರುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುತ್ತದೆ, ಮತ್ತು ಗೆಲುವಿನ ಬಗ್ಗೆ ಮಾತನಾಡುವಾಗ ‘ನಾವು’ ಎಂಬ ಪದ ಸೋಲಿನ ಸಂದರ್ಭಕ್ಕಿಂತ ಹೆಚ್ಚು ಬಳಕೆಯಾಗುತ್ತದೆ. ಬೆಂಗಳೂರು ಈ ಸೂತ್ರಕ್ಕೆ ಪೂರ್ತಿ ಒಗ್ಗುವುದಿಲ್ಲ. ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ಹುಟ್ಟಿ ಹರಡಿದ್ದು, ನಂತರ ದೇಶದ ಗೇಲಿಗೆ ಗುರಿಯಾದದ್ದು, ಆ ಗೇಲಿಯನ್ನೇ ಅಭಿಮಾನಿಗಳು ಎದೆಗೆ ಅಂಟಿಸಿಕೊಂಡದ್ದು, ಎಲ್ಲವೂ ಸೋಲಿನ ವರ್ಷಗಳಲ್ಲೇ. ಶಿಕಾಗೋ ಕಬ್ಸ್ ಎಂಬ ಬೇಸ್‌ಬಾಲ್ ತಂಡ 1908ರ ನಂತರ 2016ರಲ್ಲಿ, 108 ವರ್ಷಗಳ ಬಳಿಕ ಪ್ರಶಸ್ತಿ ಗೆಲ್ಲುವವರೆಗೆ ಅದರ ಅಭಿಮಾನಿಗಳೂ ಹೀಗೆಯೇ ಸೋಲನ್ನು ಮನೆತನದ ಆಸ್ತಿಯಂತೆ ಕಾಪಾಡಿಕೊಂಡಿದ್ದರು. ಅದೇ 2016ರ ಏಪ್ರಿಲ್ ಕೊನೆಯಲ್ಲಿ ನಮ್ಮ ಮೆಟ್ರೊದ ಸುರಂಗ ಮಾರ್ಗ ತೆರೆದು, ಹೊಸಹಳ್ಳಿಯಲ್ಲಿ ರೈಲು ಹತ್ತಿದವರು ಆರನೆಯ ನಿಲ್ದಾಣವಾದ ಕಬ್ಬನ್ ಪಾರ್ಕ್‌ನಲ್ಲಿ ಇಳಿದು ನಡೆದೇ ಚಿನ್ನಸ್ವಾಮಿ ತಲುಪುವಂತಾಯಿತು. ಸರಿಯಾಗಿ ಒಂದು ತಿಂಗಳ ನಂತರ, ಮೇ 29ರಂದು, ಕೊಹ್ಲಿ 973 ರನ್ ಗಳಿಸಿದ್ದ ಆ ಋತುವಿನ ಫೈನಲ್ಲನ್ನು ಆರ್‌ಸಿಬಿ ತವರಿನಲ್ಲೇ ಹೈದರಾಬಾದಿಗೆ 8 ರನ್‌ಗಳಿಂದ ಒಪ್ಪಿಸಿತು.

ಆರ್‌ಸಿಬಿಗೆ ಮೊದಲ ಕಪ್ ತಂದವರು ಅದರ ಮಹಿಳಾ ತಂಡದವರು: 2024ರ ಮಾರ್ಚ್ 17ರಂದು ಸ್ಮೃತಿ ಮಂಧಾನಾ ನಾಯಕತ್ವದ ತಂಡ ದೆಹಲಿಯನ್ನು ಅದರ ಮನೆಯಲ್ಲೇ ಸೋಲಿಸಿತು. ಪುರುಷರ ಸರದಿ 18ನೆಯ ಆವೃತ್ತಿಯಲ್ಲಿ, 2025ರ ಜೂನ್ 3ರಂದು ಬಂತು. 190 ರನ್ ಗಳಿಸಿದ ಆರ್‌ಸಿಬಿ, ಪಂಜಾಬನ್ನು 184ಕ್ಕೆ ತಡೆದು ಗೆದ್ದದ್ದು ಅದೇ 6 ರನ್‌ಗಳಿಂದ. ಮರುದಿನ ವಿಜಯೋತ್ಸವಕ್ಕೆಂದು, ಸುಮಾರು 35,000 ಮಂದಿಗಷ್ಟೇ ಆಸನವಿರುವ ಚಿನ್ನಸ್ವಾಮಿ ಕ್ರೀಡಾಂಗಣದತ್ತ ಲಕ್ಷಾಂತರ ಜನ ಹೊರಟರು. ಮೆಟ್ರೊ ಅಂದು 9 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರನ್ನು ಹೊತ್ತಿತು, ಕೊನೆಗೆ ಕಬ್ಬನ್ ಪಾರ್ಕ್ ಮತ್ತು ವಿಧಾನಸೌಧ ನಿಲ್ದಾಣಗಳಲ್ಲಿ ರೈಲು ನಿಲ್ಲಿಸುವುದನ್ನೇ ಕೈಬಿಡಬೇಕಾಯಿತು. ದ್ವಾರಗಳ ಬಳಿಯ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಸತ್ತವರಲ್ಲಿ ಬಹುಪಾಲು ಎಳೆಯರು, ತಂಡ ಹುಟ್ಟಿದಾಗ ಇನ್ನೂ ಮಕ್ಕಳಾಗಿದ್ದವರು ಅಥವಾ ಹುಟ್ಟಿಯೇ ಇರದವರು.

17 ವರ್ಷ ಏನನ್ನೂ ಕೇಳದೆ ಕಾದ ಜನರ ನಿಷ್ಠೆಯನ್ನು ಸಂಘಟಕರೂ ಆಡಳಿತವೂ ಜನಸಂಖ್ಯೆಯಾಗಿ ಎಣಿಸಿಟ್ಟುಕೊಳ್ಳಲಿಲ್ಲ ಎಂಬುದೇ ಆ ದಿನದ ಬಗ್ಗೆ ಹೇಳಬೇಕಾದ ಮಾತು. ಅಭಿಮಾನಿಗಳ ಹುಚ್ಚು ಎಂದು ಅದನ್ನು ತಳ್ಳಿಹಾಕುವುದು ಅನ್ಯಾಯ. ಕಾಲ್ತುಳಿತದ ತನಿಖೆ ನಡೆಸಿದ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿಕುನ್ಹಾ ಆಯೋಗವು ಚಿನ್ನಸ್ವಾಮಿ ಕ್ರೀಡಾಂಗಣವು ಇಂತಹ ಬೃಹತ್ ಜನಸಂದಣಿಯ ಕಾರ್ಯಕ್ರಮಗಳಿಗೆ ಸುರಕ್ಷಿತವಲ್ಲ ಎಂದು ಹೇಳಿತು. ಮಹಿಳಾ ವಿಶ್ವಕಪ್‌ನ ಬೆಂಗಳೂರಿನ ಪಂದ್ಯಗಳು 2025ರ ಆಗಸ್ಟ್‌ನಲ್ಲಿ ಕೈತಪ್ಪಿದವು, ಮತ್ತು ನವೆಂಬರ್ 2ರಂದು ಆರ್‌ಸಿಬಿಯ ನಾಯಕಿ ಸ್ಮೃತಿ ಮಂಧಾನಾ ಇದ್ದ ಭಾರತ ತಂಡ ದಕ್ಷಿಣ ಆಫ್ರಿಕವನ್ನು ಸೋಲಿಸಿ ಮೊದಲ ಬಾರಿಗೆ ವಿಶ್ವಕಪ್ ಎತ್ತಿದ್ದು ನವಿ ಮುಂಬೈಯಲ್ಲಿ.