ಅಂಗಡಿ ಬಂದ್, ಊರು ಓಪನ್: ಲಿಯಾನ್‌ನ ಭಾನುವಾರ

ಫ್ರಾನ್ಸ್‌ನ ಲಿಯಾನ್‌ಗೆ ಆರು ವಾರದ ಇಂಟರ್ನ್‌ಶಿಪ್‌ಗೆ ಹೋಗಿದ್ದ ನಮ್ಮ ಮೂವರಿಗೆ ಮೊದಲ ಭಾನುವಾರವೇ ಪಾಠ ಆಯ್ತು. ಮಧ್ಯಾಹ್ನ ಎರಡಕ್ಕೆ ಅಕ್ಕಿ ತರೋಣ ಅಂತ ಹೊರಟರೆ ಹತ್ತಿರದ ಅಂಗಡಿಗಳೆಲ್ಲ ಬಂದ್! ರೂಮಿನಲ್ಲಿ ಉಳಿದಿದ್ದು ಅರ್ಧ ಪ್ಯಾಕೆಟ್ ಬಿಸ್ಕೆಟ್.

ಯಾಕೆ ಹೀಗೆ? ಕೆಲಸಗಾರರಿಗೆ ಭಾನುವಾರ ರಜೆ ಅಂತ ಅಲ್ಲಿ 1906ರಲ್ಲೇ ಕಾನೂನು ಬಂತು. ಇವತ್ತಿಗೂ ಅವತ್ತು ಹೆಚ್ಚಿನ ದಿನಸಿ ಅಂಗಡಿಗಳು ಮಧ್ಯಾಹ್ನ ಒಂದರವರೆಗೆ ಮಾತ್ರ. ಹಾಗಾಗಿ ಸಾಮಾನು ಶನಿವಾರವೇ ತರಬೇಕು, ಇಲ್ಲವೇ ಭಾನುವಾರ ಬೆಳಿಗ್ಗೆ ಸೋನ್ ನದಿ ದಂಡೆಯ ಸಂತೆಗೆ ಹೋಗಬೇಕು.

ಇನ್ನೊಂದು ಪಾಠ 'ಬೋನ್‌ಜೂರ್'. ಅಂಗಡಿಗೆ ಕಾಲಿಟ್ಟ ಕೂಡಲೇ ಇದನ್ನು ಹೇಳದೆ ನೇರವಾಗಿ ಬೆಲೆ ಕೇಳಿದರೆ ಮುಖ ಗಂಟಿಕ್ಕುತ್ತಾರೆ. ನಮಗೆ ಅದು ಸಿಡುಕು ಅನ್ನಿಸಿತ್ತು. ಅವರ ಲೆಕ್ಕದಲ್ಲಿ ಮರ್ಯಾದೆ ಗೊತ್ತಿಲ್ಲದವರು ನಾವೇ!

ಸುತ್ತಾಟಕ್ಕೆ ಮಾತ್ರ ಹೆಚ್ಚು ದುಡ್ಡು ಬೇಡ. ಫುರ್ವಿಯೇರ್ ಗುಡ್ಡದ ರೋಮನ್ ರಂಗಮಂದಿರ, ತೆತ್ ದೋರ್ ಪಾರ್ಕಿನೊಳಗಿನ ಮೃಗಾಲಯ, ಎರಡೂ ಫ್ರೀ. ಕೊನೆಯ ಭಾನುವಾರ ಅದೇ ಪಾರ್ಕಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದಾಗ, ಪಕ್ಕದ ಬೆಂಚಿನ ಅಜ್ಜ ನಮಗಿಂತ ಮೊದಲೇ 'ಬೋನ್‌ಜೂರ್' ಅಂದರು. ಆರು ವಾರದಲ್ಲಿ ಮೊದಲ ಸಲ ಆ ಊರು ನಮ್ದೂ ಹೌದು ಅನ್ನಿಸಿತು.