ಅಂತರಜಾಲದ ಅರಳಿ ಕಟ್ಟೆ

ಅಣ್ಣಿಗೇರಿಯವರಿಗಾಗಲಿ ಕುಂದಗೋಳದವರಿಗಾಗಲಿ ಕಟ್ಟೆ ಎಂದರೇನೆಂದು ವಿವರಿಸಬೇಕಿಲ್ಲ. ಸಂಜೆ ನಾಲ್ಕು ಜನ ಕೂತು ಮಳೆ-ಬೆಳೆಯಿಂದ ದಿಲ್ಲಿಯ ರಾಜಕಾರಣದವರೆಗೆ ಮಾತಾಡುವ ಜಾಗ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲೂ ಇಂಥದೊಂದು ಇದೆ. ಅದರ ಹೆಸರೇ ‘ಅರಳಿ ಕಟ್ಟೆ’. ಈ ವಿಶ್ವಕೋಶವನ್ನು ಬರೆಯುವವರು, ಎಷ್ಟೋ ಸಲ ಪರಸ್ಪರ ಮುಖ ಕಾಣದವರು, ಅಲ್ಲಿ ಸೇರಿ ಚರ್ಚಿಸುತ್ತಾರೆ. ಎರಡು ದಶಕ ದಾಟಿದರೂ ಕಟ್ಟೆ ಬರಿದಾಗಿಲ್ಲ. ಇದು ಹೇಗೆ ಸಾಧ್ಯವಾಯಿತು?

ಸ್ವಲ್ಪ ಹಿಂದಕ್ಕೆ ಹೋಗೋಣ. 1980ರಲ್ಲಿ ಅಮೆರಿಕದ ಎರಡು ವಿಶ್ವವಿದ್ಯಾಲಯಗಳ ನಡುವೆ ಯೂಸ್‌ನೆಟ್ ಶುರುವಾಯಿತು. ಅದಕ್ಕೆ ಒಬ್ಬ ಯಜಮಾನನಿರಲಿಲ್ಲ. ಒಂದು ಕಂಪ್ಯೂಟರಿನಲ್ಲಿ ಬರೆದದ್ದು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಕಲಾಗುತ್ತಿತ್ತು. ಹೊರದೇಶದ ಕನ್ನಡಿಗರೂ 1990ರ ದಶಕದಲ್ಲಿ ಅಲ್ಲಿ ಹರಟಿದ್ದುಂಟು, ಆದರೆ ರೋಮನ್ ಅಕ್ಷರಗಳಲ್ಲಿ. ಆಗ ಕನ್ನಡದ ಒಂದೊಂದು ತಂತ್ರಾಂಶ ಅಕ್ಷರಗಳಿಗೆ ತನ್ನದೇ ಸಂಖ್ಯೆ ಕೊಡುತ್ತಿತ್ತು. ಇಲ್ಲಿ ‘ಕ’ ಎಂದು ಬರೆದದ್ದು ಅಲ್ಲಿ ಯಾವುದೋ ಚಿಹ್ನೆಯಾಗುತ್ತಿತ್ತು. ಯೂನಿಕೋಡ್ ಎಲ್ಲ ಯಂತ್ರಗಳಿಗೂ ಒಂದೇ ಸಂಖ್ಯೆ ಗೊತ್ತುಮಾಡಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದು ಕನ್ನಡಕ್ಕೂ ದೊರೆತ ಮೇಲೆ ನಮ್ಮ ಕಟ್ಟೆಗೆ ನೆಲ ಸಿಕ್ಕಿತು.

ನೆಲ ಯಾರದು ಎಂಬುದೇ ಮುಖ್ಯ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು. 2020ರ ಡಿಸೆಂಬರಿನಲ್ಲಿ ಯಾಹೂ ಗ್ರೂಪ್ಸ್ ಬಾಗಿಲು ಹಾಕಿತು. ಅಲ್ಲಿ ಮಾತಿಗೆ ಬರವಿರಲಿಲ್ಲ. ಕೂತವರೆಲ್ಲ ಬಾಡಿಗೆಯವರು, ಅಷ್ಟೆ! ವಿಕಿಪೀಡಿಯದ ಯಂತ್ರಗಳನ್ನು ನಡೆಸುವುದು ಅಮೆರಿಕದ ಪ್ರತಿಷ್ಠಾನವಾದರೂ, ಬರಹವನ್ನು ಯಾರು ಬೇಕಾದರೂ ಇಡಿಯಾಗಿ ಇಳಿಸಿಕೊಂಡು, ಮೂಲ ಹೇಳಿ, ಬೇರೆಡೆ ಮುಂದುವರಿಸಬಹುದು. ಪರವಾನಗಿಯೇ ಹಾಗಿದೆ. ಪ್ರತಿ ತಿದ್ದುಪಡಿಯ ದಾಖಲೆ ಇರುವುದರಿಂದ, ಇಂದು ಬಂದವರು ಹಿಂದಿನವರ ವಾದ ಓದಿ ಕೆಲಸ ಹಿಡಿಯಬಹುದು.

ನವಲಗುಂದದ ಜಮಖಾನೆ ನೇಯುವ ಮನೆಗಳಲ್ಲಿ, ಗುಟ್ಟು ಪರಮನೆಗೆ ಹೋದೀತೆಂದು ಕಸುಬನ್ನು ಮಗಳಿಗೆ ಕಲಿಸದೆ ಸೊಸೆಗೆ ಕಲಿಸುತ್ತಿದ್ದರಂತೆ. ಗುಟ್ಟು ಉಳಿಯಿತು, ನೇಯುವ ಕೈಗಳು ಕಡಿಮೆಯಾದವು. ಅರಳಿ ಕಟ್ಟೆಯಲ್ಲಿ ಗುಟ್ಟೇನೂ ಇಲ್ಲ, ಆದರೆ ಕೈಗಳ ಕೊರತೆ ಅಲ್ಲೂ ಇದೆ. ಲೇಖನಗಳು 30,000ಕ್ಕೂ ಹೆಚ್ಚು. ಬಿಡದೆ ಬರೆಯುವವರು ಕೆಲವೇ ಮಂದಿ.

ನೀವೂ ಬರೆಯಬಹುದು, ಮೊಬೈಲಿನಲ್ಲೇ. ಒಂದು ಷರತ್ತಿದೆ: ಹೇಳಿದ್ದಕ್ಕೆ ಪ್ರಕಟವಾದ ಆಧಾರ ಬೇಕು. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಹೀಗೇ ಮಾಡುತ್ತಾರೆಂದು ಅಜ್ಜ ಹೇಳಿದ್ದ ಎಂದರೆ ಸಾಲದು. ಹಳ್ಳಿಯವರಿಗೆ ಇದು ನಿಜಕ್ಕೂ ಕಷ್ಟದ ನಿಯಮ, ಏಕೆಂದರೆ ನಮ್ಮಲ್ಲಿ ತಿಳಿವಳಿಕೆಯ ಬಹುಪಾಲು ಬಾಯಿಮಾತಿನದು. ಊರಿನ ಶಾಲೆಯದೋ ಜಾತ್ರೆಯದೋ ಸ್ಮರಣಸಂಚಿಕೆ ಅಟ್ಟದ ಮೇಲಿದ್ದರೆ ರದ್ದಿಗೆ ಹಾಕಬೇಡಿ. ಅದರಿಂದಲೇ ಆರಂಭಿಸಬಹುದು.